ಮಾತು ಅಳೆಯೋ ಸೇರು

ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಪ್ರತಿ ಸಲ ನಾಲ್ಕು ಸಾಲು ಬರೆದು ಡ್ರಾಫ್ಟಿನಲ್ಲೇ ಬಿಟ್ಟುಬಿಡ್ತಿದ್ದೆ. ನಾನು ಡಾಕ್ಟರೂ ಅಲ್ಲ, ಭಾಷಾವಿಜ್ಞಾನಿಯೂ ಅಲ್ಲ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ಕೋಡ್ ಬರೆದುಕೊಂಡಿರೋನು. ಆದರೂ ಹೋದ ವರ್ಷ ಈ ವಿಷಯದ ಬಗ್ಗೆ ಎಷ್ಟು ಓದಿದ್ದೀನಿ ಅಂದರೆ, ಬರೆದು ಇಳಿಸದಿದ್ದರೆ ತಲೆ ಹಗುರ ಆಗಲ್ಲ ಅನ್ನಿಸಿತು. ತಪ್ಪಿದ್ದರೆ ತಿದ್ದಿ.

ನಮ್ಮೂರು ಚಾಮರಾಜನಗರ. ಅಕ್ಕನ್ನ ಕೊಟ್ಟಿರೋದು ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಕಡೆಗೆ. ಅಕ್ಕನ ಮಗಳಿಗೆ ಎರಡು ವರ್ಷ ಎಂಟು ತಿಂಗಳಾಗಿದ್ದಾಗ ಮಾಳಿಗೆ ಮೆಟ್ಟಿಲಿಂದ ಉರುಳಿ ಬಿದ್ದಳು. ತಲೆಯ ಎಡಭಾಗಕ್ಕೆ ಪೆಟ್ಟು. ಮೊದಲು ಗುಂಡ್ಲುಪೇಟೆ, ಅಲ್ಲಿಂದ ಮೈಸೂರು. ಹದಿನೈದು ದಿನ ಆಸ್ಪತ್ರೆ. ದೇವರು ದೊಡ್ಡೋನು, ಜೀವಕ್ಕೇನೂ ಆಗಲಿಲ್ಲ. ಬಲಗೈ ಸ್ವಲ್ಪ ಸೋತಿತ್ತು, ಅದೂ ಮೆಲ್ಲಗೆ ಸರಿಹೋಯ್ತು. ಆದರೆ ಕೂಸು ಮಾತೇ ಆಡಲಿಲ್ಲ. ಹನ್ನೊಂದನೇ ದಿನ "ಅವ್ವ" ಅಂದಳು. ಮನೆಗೆ ಕಳಿಸೋ ದಿನ "ನೀರು" ಅಂದಳು. ಡಿಸ್ಚಾರ್ಜ್ ಚೀಟಿಯಲ್ಲಿ, ಮಾತು ವಯಸ್ಸಿಗೆ ತಕ್ಕಂತೆ ಇದೆ ಅಂತ ಬರೆದುಕೊಟ್ಟರು.

ಆ ಚೀಟಿ ಹಿಡಕೊಂಡು ಅಕ್ಕ ನನಗೆ ಫೋನ್ ಮಾಡಿದಳು. "ಯಾವ್ ವಯಸ್ಸಿಗ ತಕ್ಕಂಗ್ಲಾ ಇದು? ಇವ್ಳು ಬೀಳಕ್ ಮುಂಚ ಮನ ಮಂದಿಗೆಲ್ಲಾ ಬೈತಿದ್ಲು ಕಣಾ!"

ಒಂದು ಕೂಸು ಅಜ್ಜಿಗೆ ಬೈಬೇಕಾದರೆ ಎಷ್ಟು ವ್ಯಾಕರಣ ಬೇಕು ಅಂತ ಯೋಚನೆ ಮಾಡಿ. ಕರೆಯೋದಕ್ಕೆ ಒಂದು ಹೆಸರು, ಆಜ್ಞೆ ಮಾಡೋ ಕ್ರಿಯಾಪದ, ಬೇಡ ಅನ್ನೋ ನಿಷೇಧ, ನಡೆದುಹೋದದ್ದನ್ನ ಎತ್ತಿ ಆಡೋದಕ್ಕೆ ಭೂತಕಾಲ. ಇಷ್ಟೂ ಇದ್ದದ್ದು ಹೋಗಿ ಎರಡು ಪದ ವಾಪಸ್ ಬಂದಿತ್ತು. ಆದರೆ ಚೀಟಿ ಬರೆದವರಿಗೆ ಅದು ಹೇಗೆ ಗೊತ್ತಾಗಬೇಕು? ಅವರು ಆ ಮಗುವನ್ನ ಮೊದಲ ಸಲ ನೋಡಿದ್ದೇ ಬಿದ್ದಮೇಲೆ. ದೊಡ್ಡವರಾದರೆ ಲೆಕ್ಕ ಸುಲಭ. ಸ್ಟ್ರೋಕ್ ಆದ ಮೇಷ್ಟ್ರು ಮುಂಚೆ ಸರಿಯಾಗಿ ಮಾತಾಡ್ತಿದ್ದರು ಅಂತ ಯಾರು ಬೇಕಾದರೂ ಊಹಿಸಬಹುದು. ಎರಡೂವರೆ ವರ್ಷದ ಕೂಸಿನ ವಿಷಯದಲ್ಲಿ ಆ ಊಹೆಗೆ ಜಾಗವಿಲ್ಲ. ಕೆಲವು ಮಕ್ಕಳು ಆ ವಯಸ್ಸಿಗೆ ಪುರಾಣ ಹೇಳ್ತಾವೆ, ಕೆಲವು ಹತ್ತು ಪದದಲ್ಲೇ ಜೀವನ ಸಾಗಿಸ್ತಾವೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಬ್ಯಾಕಪ್ ಇಲ್ಲದ ಡೇಟಾ. ಏನು ಅಳಿಸಿಹೋಯ್ತು ಅಂತ ಹೇಳೋಕೆ ಏನಿತ್ತು ಅಂತ ಗೊತ್ತಿಲ್ಲ.

ಈ ತೊಡಕು ಎಷ್ಟು ಹಳೇದು ಅಂತ ಹುಡುಕ್ತಾ ಹೋದರೆ 1861ರ ಪ್ಯಾರಿಸ್‌ಗೆ ಹೋಗಿ ನಿಂತೆ. ಪಾಲ್ ಬ್ರೋಕಾ ಅನ್ನೋ ಸರ್ಜನ್ ಹತ್ತಿರ ಲೆಬಾರ್ನ್ ಅನ್ನೋ ರೋಗಿ ಬಂದಿದ್ದ. ಏನು ಕೇಳಿದರೂ "ಟಾನ್" ಅಂತಷ್ಟೇ ಅನ್ನುತ್ತಿದ್ದ, ಹಾಗಾಗಿ ಆಸ್ಪತ್ರೆಯಲ್ಲಿ ಅವನ ಹೆಸರೇ ಟಾನ್ ಆಗಿತ್ತು. ಅವನು ಸತ್ತಮೇಲೆ ಮಿದುಳು ತೆಗೆದು ನೋಡಿದರೆ ಎಡಗಡೆ ಮುಂಭಾಗ ಹಾಳಾಗಿತ್ತು. ಮಾತಿನ ಜಾಗ ಮಿದುಳಿನ ಎಡಭಾಗ ಅನ್ನೋ ತಿಳಿವಳಿಕೆ ಶುರುವಾಗಿದ್ದು ಅಲ್ಲಿಂದ. ಈ ಕತೆ ನಿಮಗೆಲ್ಲ ಗೊತ್ತಿರಬಹುದು. ನನಗೆ ಗೊತ್ತಿಲ್ಲದೆ ಇದ್ದದ್ದು ಮುಂದಿನದು. ಏಳೇ ವರ್ಷಕ್ಕೆ, 1868ರಲ್ಲಿ, ಅದೇ ಪ್ಯಾರಿಸ್‌ನ ಜೂಲ್ ಕೊಟಾರ್ ತನ್ನ ಪ್ರಬಂಧದಲ್ಲಿ ಒಂದು ವಿಚಿತ್ರ ಗಮನಿಸಿದ. ಚಿಕ್ಕಂದಿನಲ್ಲೇ ಮಿದುಳಿನ ಎಡಭಾಗ ಸೊರಗಿ ಬಲಗೈ ಬಲಗಾಲು ಬಿದ್ದುಹೋದವರು ದೊಡ್ಡವರಾದಮೇಲೆ ಆರಾಮಾಗಿ ಮಾತಾಡ್ತಿದ್ದರು. (ತಾನು ಸತ್ತುಹೋಗಿದ್ದೀನಿ ಅಂತ ನಂಬೋ ವಿಚಿತ್ರ ಕಾಯಿಲೆಗೆ ಹೆಸರಾಗಿರೋನೂ ಇದೇ ಕೊಟಾರ್.)

1877ರಲ್ಲಿ ಲಂಡನ್ನಿನ ಥಾಮಸ್ ಬಾರ್ಲೋ ಹತ್ತು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದ. ಹೃದಯದ ಕಾಯಿಲೆ ಇದ್ದ ಹುಡುಗ. ಒಂದು ದಿನ ಬಲಗಡೆ ಸ್ವಾಧೀನ ತಪ್ಪಿ ಮಾತು ನಿಂತುಹೋಯ್ತು. ಕೆಲವೇ ದಿನಗಳಲ್ಲಿ ಮಾತು ಮರಳಿ ಬಂತು. ಕೆಲವು ತಿಂಗಳಾದಮೇಲೆ ಎಡಗಡೆಯೂ ಹೋಯ್ತು, ಮತ್ತೆ ಮಾತು ನಿಂತಿತು, ಹುಡುಗ ಉಳಿಯಲಿಲ್ಲ. ಮಿದುಳು ನೋಡಿದರೆ ಎರಡೂ ಕಡೆ ಒಂದೇ ಜಾಗದಲ್ಲಿ, ಕನ್ನಡಿಯಲ್ಲಿ ಕಂಡ ಹಾಗೆ, ಗಾಯ. ಎಡಗಡೆ ಹೋದರೆ ಬಲಗಡೆ ಆ ಕೆಲಸ ವಹಿಸಿಕೊಳ್ಳುತ್ತೆ ಅನ್ನೋ ನಂಬಿಕೆಗೆ ಇಂಥ ಕೇಸುಗಳೇ ಬಲ ಕೊಟ್ಟವು.

ಆ ನಂಬಿಕೆ ಸುಮಾರು ನೂರು ವರ್ಷ ನಡೆಯಿತು. "ಚಿಕ್ ಮಕ್ಳು, ಬೇಗ ಸರಿಹೋಯ್ತಾವೆ" ಅಂತ ನಮ್ಮ ಮನೆಗೆ ಬಂದವರೆಲ್ಲ ಹೇಳಿದ್ದರಲ್ಲ, ಅದಕ್ಕೆ ವಿಜ್ಞಾನದ ಅಂಗಿ ತೊಡಿಸಿದವರಲ್ಲಿ ಮುಖ್ಯ ಹೆಸರು ಎರಿಕ್ ಲೆನ್ನೆಬರ್ಗ್. 1967ರಲ್ಲಿ ಭಾಷೆಯ ಜೈವಿಕ ತಳಹದಿಯ ಬಗ್ಗೆ ದೊಡ್ಡ ಪುಸ್ತಕ ಬರೆದವನು. ಮೈನೆರೆಯೋ ವಯಸ್ಸಿನವರೆಗೆ ಮಿದುಳು ಹೊಂದಿಕೊಳ್ಳುತ್ತೆ, ಆಮೇಲೆ ಕಷ್ಟ ಅಂದ. ಎರಡರಿಂದ ಮೂರು ವರ್ಷದ ಆಸುಪಾಸಿನಲ್ಲಿ ಪೆಟ್ಟು ಬಿದ್ದರೆ ಕಲಿತ ಮಾತೆಲ್ಲ ಮಾಯವಾಗಿ, ಮಗು ತೊದಲುನುಡಿಯಿಂದ ಮತ್ತೆ ಶುರುಮಾಡಿ ಎಲ್ಲ ಮೆಟ್ಟಿಲನ್ನೂ ಇನ್ನೊಂದು ಸಲ ಹತ್ತುತ್ತೆ ಅಂತಲೂ ಬರೆದ. ಮೆಟ್ಟಿಲು ಅನ್ನೋದು ನನ್ನ ಮಾತು, ಅವನದಲ್ಲ. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಸಮಾಧಾನಕ್ಕೋ ಭಯಕ್ಕೋ ಗೊತ್ತಿಲ್ಲ.

ಈ ನೂರು ವರ್ಷದಲ್ಲಿ ಮಗು "ಸರಿಹೋಯ್ತು" ಅಂತ ತೀರ್ಮಾನ ಮಾಡ್ತಿದ್ದದ್ದು ಹೇಗೆ ಅಂತ ನೋಡಿದರೆ, ಬಹಳ ಕಡೆ ಅಳತೆ ಇಷ್ಟೇ: ಮಾತಾಡುತ್ತಾ, ಇಲ್ವಾ. ನಮ್ಮ ಚೀಟಿಯಲ್ಲಿ ಇದ್ದದ್ದೂ ಅದೇ. ಸಂತೆಯಲ್ಲಿ ರಾಗಿ ಅಳೆಯೋ ಸೇರಿನಲ್ಲಿ ಚಿನ್ನ ಅಳೆದ ಹಾಗೆ.

1979ರಲ್ಲಿ ಬ್ರಯಾನ್ ವುಡ್ಸ್ ಮತ್ತು ಸೂಸನ್ ಕೇರಿ ಒಂದು ಕೆಲಸ ಮಾಡಿದರು. ಚಿಕ್ಕಂದಿನಲ್ಲಿ ಎಡಮಿದುಳಿಗೆ ಪೆಟ್ಟಾಗಿ, ಚೇತರಿಸಿಕೊಂಡಿದ್ದಾರೆ ಅಂತ ಎಲ್ಲರೂ ಅಂದುಕೊಂಡಿದ್ದವರನ್ನ ಕೂರಿಸಿ ಸೂಕ್ಷ್ಮವಾದ ಪರೀಕ್ಷೆಗಳನ್ನ ಕೊಟ್ಟರು. ಮೊದಲ ವರ್ಷದೊಳಗೆ ಪೆಟ್ಟಾದವರು ಹೆಚ್ಚುಕಡಿಮೆ ಬೇರೆಯವರ ಹಾಗೇ ಮಾಡಿದರು. ವರ್ಷ ತುಂಬಿದಮೇಲೆ ಪೆಟ್ಟಾದವರು ಹಲವು ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಮಾತಾಡ್ತಾರೆ, ನಗ್ತಾರೆ, ಅಂಗಡಿಗೆ ಹೋಗಿ ಬರ್ತಾರೆ, ಆದರೆ ಒಳಗೆಲ್ಲೋ ಒಂದು ಎಳೆ ಬಿಟ್ಟುಹೋಗಿದೆ. ಸೇರು ಬದಲಾಯಿಸಿದ ತಕ್ಷಣ ಚರಿತ್ರೆಯೇ ಬದಲಾಯ್ತು!

ಆಮೇಲಿನ ಹೆಸರು ಎಲಿಜಬೆತ್ ಬೇಟ್ಸ್, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿದ್ದವರು, 2003ರಲ್ಲಿ ತೀರಿಕೊಂಡರು. ಹುಟ್ಟುವ ಮೊದಲು ಅಥವಾ ಹುಟ್ಟಿದ ಆರು ತಿಂಗಳೊಳಗೆ ಮಿದುಳಿಗೆ ಗಾಯವಾದ ಮಕ್ಕಳನ್ನ ಅವರ ತಂಡ ವರ್ಷಗಟ್ಟಲೆ ಹಿಂಬಾಲಿಸಿತು. ಮಾತು ತಡವಾಗಿ ಶುರುವಾದರೂ ಶಾಲೆಗೆ ಹೋಗೋ ಹೊತ್ತಿಗೆ ಬಹಳಷ್ಟು ಮಕ್ಕಳು ಮಾಮೂಲಿ ಮಟ್ಟದೊಳಗೆ ಬಂದವು. ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಅವರ ಇನ್ನೊಂದು ಕೆಲಸ. ಮಗುವಿನ ಮಾತು ಎಷ್ಟಿದೆ ಅಂತ ತಿಳಿಯೋಕೆ ಅಪರಿಚಿತ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಿದರೆ ಸಾಲದು, ತಾಯಿಯನ್ನ ಕೇಳಿ ಅಂದವರು ಬೇಟ್ಸ್ ಮತ್ತು ಜೊತೆಗಾರರು. ಸುಮ್ಮನೆ "ಏನೇನು ಮಾತಾಡುತ್ತೆ ಹೇಳಿ" ಅಂದರೆ ಯಾವ ತಾಯಿಗೂ ನೆನಪಾಗಲ್ಲ. ನೂರಾರು ಪದದ ಪಟ್ಟಿ ಕೈಗೆ ಕೊಟ್ಟು, ಮಗು ಅಂದಿದ್ದಕ್ಕೆ ಗುರುತು ಹಾಕಿ ಅಂದರೆ ಕರಾರುವಾಕ್ಕಾಗಿ ಹೇಳ್ತಾರೆ. 1993ರಲ್ಲಿ ಹೊರಬಂದ ಮ್ಯಾಕಾರ್ಥರ್ ಪಟ್ಟಿ ಅಂದರೆ ಇದೇ. ಅಷ್ಟು ದಿನ "ತಾಯಂದಿರು ಹೆಚ್ಚು ಮಾಡಿ ಹೇಳ್ತಾರೆ" ಅಂತ ಪಕ್ಕಕ್ಕಿಟ್ಟಿದ್ದ ಮಾತು ಕಾಗದದ ಮೇಲೆ ಸಾಕ್ಷಿಯಾಯ್ತು.

ಇದೆಲ್ಲಾ ಇಂಗ್ಲಿಷ್ ಮಕ್ಕಳ ಕತೆ ಆಯ್ತು. ಕನ್ನಡದ ಕೂಸಿಗೆ ಏನಿದೆ?

ಇಲ್ಲಿ ನಾವು ಪುಣ್ಯವಂತರು ಅಂತಲೇ ಹೇಳಬೇಕು. ಚಾಮರಾಜನಗರದಿಂದ ಅರವತ್ತು ಕಿಲೋಮೀಟರ್ ದೂರದ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ಜನ "ಸ್ಪೀಚ್ ಅಂಡ್ ಹಿಯರಿಂಗ್" ಅನ್ನೋದು, ಪೇಪರಿನವರು "ಆಯಿಷ್" ಅನ್ನೋದು. 1965ರಲ್ಲಿ ಶುರುವಾದದ್ದು. ಇಡೀ ದೇಶಕ್ಕೆ ಅಂತ ಕೇಂದ್ರ ಸರ್ಕಾರ ಕಟ್ಟಿದ ಸಂಸ್ಥೆ ಮೈಸೂರಲ್ಲಿ ಕೂತಿದ್ದರಿಂದ ಕನ್ನಡಕ್ಕೆ ಲಾಭವಾಯ್ತು. ಪಾಠ ಇಂಗ್ಲಿಷಿನಲ್ಲಾದರೂ ಬಾಗಿಲ ಮುಂದೆ ಸಾಲುಗಟ್ಟಿ ನಿಂತ ಮಕ್ಕಳು ಕನ್ನಡದವು. 1972ಕ್ಕೇ ಬಾಬು, ರತ್ನ ಮತ್ತು ಬೆಟ್ಟಗೇರಿ ಅನ್ನುವವರು ಕನ್ನಡದ ಉಚ್ಚಾರಣೆ ಪರೀಕ್ಷೆ ಮಾಡಿಟ್ಟಿದ್ದರು.

ಇಂಗ್ಲಿಷ್ ಪರೀಕ್ಷೆಯನ್ನೇ ಕನ್ನಡಕ್ಕೆ ಅನುವಾದ ಮಾಡಿದರೆ ಆಗಲ್ವಾ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆಗಲ್ಲ. ಇಂಗ್ಲಿಷಲ್ಲಿ ಎರಡು ಅಂದಮೇಲೆ ಬಹುವಚನ ಬರಲೇಬೇಕು, ಮಗು ಅದನ್ನ ಬಿಟ್ಟರೆ ತಪ್ಪು. ನಾವು ದಿನಾ "ಎರಡು ಮರ", "ನಾಲ್ಕು ಕುರಿ" ಅಂತೀವಿ, ಅದು ತಪ್ಪೇ ಅಲ್ಲ. ನಮ್ಮಲ್ಲಿ ತೂಕ ಇರೋದು ಬೇರೆ ಕಡೆ: ಬಂದ, ಬಂದಳು, ಬಂತು ಅಂತ ಕ್ರಿಯಾಪದದ ಬಾಲದಲ್ಲಿ, ಮನೆಗೆ, ಮನೆಯಿಂದ ಅನ್ನೋ ವಿಭಕ್ತಿಯಲ್ಲಿ. ಪೆಟ್ಟು ಬಿದ್ದ ಕನ್ನಡ ಎಲ್ಲಿ ಮುರಿಯುತ್ತೆ ಅಂತ ನೋಡೋಕೆ ಕನ್ನಡದ್ದೇ ಕೀಲುಗಳನ್ನ ಅಲ್ಲಾಡಿಸಿ ನೋಡಬೇಕು.

ಆ ಕೆಲಸ ಮಾಡಿದವರು ಪ್ರತಿಭಾ ಕಾರಂತ. 1980ರ ಸುಮಾರಿಗೆ ಅವರು ರೂಪಿಸಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್‌ನಲ್ಲಿ ಧ್ವನಿ, ವಾಕ್ಯರಚನೆ, ಅರ್ಥ ಅಂತ ಮೂರು ಭಾಗ, ಒಂದೊಂದಕ್ಕೆ ನೂರು ಅಂಕ. ಹುಟ್ಟಿದ್ದು ದೊಡ್ಡವರಿಗಾಗಿ. ಆಮೇಲೆ ಶಾಲೆ ಮಕ್ಕಳು ಎಷ್ಟೆಷ್ಟು ತೆಗೀತಾರೆ ಅಂತಲೂ ಅಳೆದಿಟ್ಟರು. ಇದರಲ್ಲಿ ವಾಕ್ಯ ಹೇಳಿ ಇದು ಸರೀನಾ ತಪ್ಪಾ ಅಂತ ಕೇಳೋ ಪ್ರಶ್ನೆಗಳಿವೆ. ಕಾರಂತರು ಮತ್ತು ಜೊತೆಗಾರರು ಮುಂದೆ ಕಂಡುಕೊಂಡದ್ದು ಸ್ವಾರಸ್ಯವಾಗಿದೆ. ಹಾಗೆ ಸರಿತಪ್ಪು ಹೇಳೋ ಶಕ್ತಿ ಓದುಬರಹದ ಜೊತೆ ಬೆಳೆಯುತ್ತೆ. ಅಕ್ಷರ ಕಲಿಯದ ದೊಡ್ಡವರಿಗೂ ಅದು ಕಷ್ಟ. ಮಿದುಳಿಗೆ ಏನೂ ಆಗದಿದ್ದರೂ! 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ. 61ರಷ್ಟಿದ್ದ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ದಿನವಿಡೀ ಗಾದೆ ಹೇಳ್ಕೊಂಡು ಓಡಾಡೋ ಅಜ್ಜಿ ಪರೀಕ್ಷೆಯಲ್ಲಿ ಫೇಲ್ ಆಗಿಬಿಡಬಹುದು.

ಪುಟ್ಟ ಮಕ್ಕಳಿಗೆ ಬಂದದ್ದು 1986ರಲ್ಲಿ, ಗೀತಾ ಹೆರ್ಲೇಕರ್ ಅವರ ಥ್ರೀಡಿ ಪರೀಕ್ಷೆ. ಒಂಬತ್ತು ತಿಂಗಳಿಂದ ಮೂರು ವರ್ಷದವರೆಗೆ, ಮೂರು ಮೂರು ತಿಂಗಳಿಗೆ ಒಂದು ಮೆಟ್ಟಿಲು. ಕೇಳಿ ತಿಳಿಯೋದು, ಆಡೋದು, ಬುದ್ಧಿ ಓಡಿಸೋದು ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತೆ. ಪೆಟ್ಟು ಬಿದ್ದ ಮಗುವಿಗೆ ಈ ಮೂರು ಒಟ್ಟಿಗೆ ಕೆಳಗಿಳಿಯಬೇಕು ಅಂತೇನಿಲ್ಲ, ಹಾಗಾಗಿ ಬೇರೆ ಬೇರೆ ನೋಡೋದೇ ಸರಿ. ಆದರೆ ಇದೂ ಹೇಳೋದು ಮಗು ಈಗ ಯಾವ ಮೆಟ್ಟಿಲಲ್ಲಿದೆ ಅಂತ. ಯಾವ ಮೆಟ್ಟಿಲಿಂದ ಬಿತ್ತು ಅಂತ ಮನೆಯವರೇ ಹೇಳಬೇಕು.

ಮನೆಯವರು ಆಡೋ ಕನ್ನಡವಾದರೂ ಯಾವುದು? ಚಾಮರಾಜನಗರ 1997ರವರೆಗೆ ಮೈಸೂರು ಜಿಲ್ಲೆಯೇ ಆಗಿತ್ತು, ಮಾತು ಮಾತ್ರ ಯಾವತ್ತೂ ಬೇರೆ. ನಮ್ಮಲ್ಲಿ ಹಕಾರಕ್ಕೆ ಜಾಗ ಕಮ್ಮಿ. ಹಾಲು "ಆಲು", ಹೂವು "ಊವ", ಹಸು "ಅಸ". ಕೊನೆಯ ಎಕಾರ ಅಕಾರ ಆಗುತ್ತೆ: ಮನೆ "ಮನ", ಮಳೆ "ಮಳ". ಬಂದಿದೆ ಅನ್ನೋದು "ಬಂದದ". ದೇವನೂರ ಮಹಾದೇವರ ಕುಸುಮಬಾಲೆ ಬಂದಾಗ ಕನ್ನಡದ ಓದುಗರೇ ತಡವರಿಸಿದ್ದರು. ಆ ಭಾಷೆಯ ನೆರೆಹೊರೆಯದು ನಮ್ಮದು. ಒಕ್ಕಲಿಗರ ಮಾತು, ಬ್ರಾಹ್ಮಣರ ಮಾತು ಹೇಗೆ ಬೇರೆ ಅಂತ ಅಮೆರಿಕದ ವಿಲಿಯಂ ಬ್ರೈಟ್ 1960ರಲ್ಲೇ ಲೇಖನ ಬರೆದಿದ್ದರು. ಅಂದರೆ ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕೂಸಾದರೆ ಇನ್ನೂ ದೂರ. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಆರೋಗ್ಯ ಕೇಂದ್ರದಲ್ಲಿ ಆಯಿಷ್ ತನ್ನ ಸೇವಾ ಕೇಂದ್ರವೊಂದನ್ನ ತೆರೆದದ್ದು ಆ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ ಅಂತ ನನ್ನ ಅನಿಸಿಕೆ, ಮಗು ಬಸ್ ಹತ್ತಿ ಬರೋ ಬದಲು ಪರೀಕ್ಷೆಯೇ ಬೆಟ್ಟದ ಬುಡಕ್ಕೆ ಹೋದಂಗೆ.

ನಮ್ಮ ಕೂಸಿನ ವಿಷಯಕ್ಕೆ ಬರ್ತೀನಿ. ಬಿದ್ದ ಎರಡು ತಿಂಗಳಿಗೆ ಮೈಸೂರಲ್ಲಿ ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದೆವು. ಕರಾವಳಿ ಕಡೆಯ ಹುಡುಗಿ, ನನಗಿಂತ ಚಿಕ್ಕೋರು. ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಆಮೇಲೆ ಚಿತ್ರ ತೋರಿಸಿದರು. ಹಸುವಿನ ಚಿತ್ರ. ಕೂಸು "ಅಸ" ಅಂದಳು. ಅವರು ಏನೋ ಗುರುತು ಹಾಕಿಕೊಂಡರು. ಅಕ್ಕ ತಕ್ಷಣ, "ಮೇಡಂ, ನಾವೆಲ್ಲಾ ಅಂಗೇ ಅನ್ನದು" ಅಂದಳು. ಅವರು ನಕ್ಕು ಗುರುತು ಹೊಡೆದುಹಾಕಿದರು.

ಇನ್ನೊಂದು ಸಲ ಆಗಿದ್ದು ಇದರ ಉಲ್ಟಾ. ಹಸು ಬರ್ತಿರೋ ಚಿತ್ರ ನೋಡಿ ಕೂಸು "ಅಸ ಬಂದ" ಅಂದಳು. ಅವರು ಇದೂ ನಿಮ್ಮ ಕಡೆ ಮಾತಿರಬೇಕು ಅಂತ ಬಿಟ್ಟುಕೊಟ್ಟರು. ಜೊತೆಗೆ ಬಂದಿದ್ದ ಅಕ್ಕನ ಅತ್ತೆ, ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದವರು, "ಇಲ್ಲ ಕವ್ವ, ಮುಂಚ ಬಂದದ ಅಂತಿತ್ತು ನಮ್ಮ್ ಕೂಸು" ಅಂದರು. ಅಕ್ಷರ ಬರದ ಹೆಂಗಸು. ವ್ಯಾಕರಣದ ಹೆಸರು ಗೊತ್ತಿಲ್ಲ, ಆದರೆ ಬಾಲ ಕಳೆದುಹೋದದ್ದು ಗೊತ್ತು. ಹಕಾರ ಇಲ್ಲದ್ದು ನಮ್ಮೂರಿನ ಮಾತು, ಆ ಕೊನೆಯ "ದ" ಇಲ್ಲದ್ದು ಪೆಟ್ಟಿನ ಗುರುತು. ಎರಡೂ ಒಂದೊಂದೇ ಅಕ್ಷರ.

ಸಾಕ್ಷಿ ಇದೆಯಾ ಅಂತ ಕೇಳಿದರು ಥೆರಪಿಸ್ಟ್. ಇತ್ತು! ನಮ್ಮ ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲಿ. ನಾನೇ ನೋಡದೆ ಸ್ಕ್ರೋಲ್ ಮಾಡಿಬಿಟ್ಟಿದ್ದ ವಿಡಿಯೋಗಳು. ಚೆಂಡು ಹೂವಿನ ಹೊಲದ ಬದುವಿನಲ್ಲಿ ನಿಂತು, ಬೀಳೋಕೆ ಮೂರು ವಾರ ಮುಂಚೆ, "ಅಜ್ಜೀ, ಅಸ ಬಂದದ, ಊವ ತಿಂತದ, ಓಡ್ಸು" ಅಂತ ಕಿರುಚೋದು ಹದಿನಾಲ್ಕು ಸೆಕೆಂಡಿನದು. ಥೆರಪಿಸ್ಟ್ ಅದನ್ನ ಐದಾರು ಸಲ ಹಾಕಿ ನೋಡಿ ಬರೆದುಕೊಂಡರು: ಮೂರು ಕ್ರಿಯಾಪದ, ಮೂರು ಬೇರೆ ರೂಪ. ಅಂಥ ಇಪ್ಪತ್ತಮೂರು ವಿಡಿಯೋ ಹುಡುಕಿ ತೆಗೆದೆ. ಅಕ್ಕ ಮತ್ತು ಅವಳ ಅತ್ತೆ ಹಾಲಿನ ಲೆಕ್ಕದ ಪುಸ್ತಕದ ಹಿಂದುಗಡೆಯಿಂದ ಬರೆಯೋಕೆ ಶುರುಮಾಡಿದರು, ಬೀಳೋಕ್ ಮುಂಚೆ ಕೂಸು ಅಂತಿದ್ದ ಪದಗಳು. ಅತ್ತೆ ಹೇಳೋದು, ಅಕ್ಕ ಬರೆಯೋದು. ಅಡುಗೆಮನೆ ಪದ, ಕೊಟ್ಟಿಗೆ ಪದ, ಬೈಗುಳ. ನೂರ ಅರವತ್ತಮೂರಕ್ಕೆ ನಿಂತಿತು. ಅದರಲ್ಲಿ ಅವತ್ತು ವಾಪಸ್ ಬಂದಿದ್ದದ್ದು ನಲವತ್ತೊಂದು, ಹೆಚ್ಚಿನವು ವಸ್ತುಗಳ ಹೆಸರು.

ಈಗ ಕೂಸಿಗೆ ಮೂರೂ ಮುಕ್ಕಾಲು ವರ್ಷ. ಪಟ್ಟಿಯಲ್ಲಿ ಇನ್ನು ಒಂಬತ್ತು ಪದಕ್ಕೆ ಗುರುತು ಬಿದ್ದಿಲ್ಲ. "ಬಂದದ" ವಾಪಸ್ ಬಂದು ನಾಲ್ಕು ತಿಂಗಳಾಯ್ತು. ಉದ್ದ ವಾಕ್ಯದಲ್ಲಿ ಈಗಲೂ ಬಾಲ ತಪ್ಪುತ್ತೆ, ಅಂಗನವಾಡಿಯಲ್ಲಿ ಯಾರಿಗೂ ಅದು ಗೊತ್ತಾಗಲ್ಲ, ಅತ್ತೆಗೆ ಗೊತ್ತಾಗುತ್ತೆ. ಶಾಲೆಗೆ ಸೇರಿದಮೇಲೆ ಮತ್ತೆ ಪರೀಕ್ಷೆ ಮಾಡಬೇಕು ಅಂದಿದ್ದಾರೆ ಥೆರಪಿಸ್ಟ್, ಓದು ಬರಹ ಶುರುವಾದಾಗ ಕಾಣಿಸಿಕೊಳ್ಳೋ ಕೊರತೆ ಈಗ ಕಾಣಲ್ಲವಂತೆ.

ನಿಮ್ಮ ಕಡೆ ಎರಡು ಎರಡೂವರೆ ವರ್ಷದ ಮಕ್ಕಳು ಹಸುವಿಗೆ, ಹಾಲಿಗೆ, ಅನ್ನಕ್ಕೆ ಏನಂತಾವೆ? ಬಂದಿದೆ ಅನ್ನೋದನ್ನ ಹೇಗೆ ಅಂತಾವೆ? ಹಾವೇರಿ, ಬೀದರ್, ಕಾಸರಗೋಡು, ಎಲ್ಲಿಯವರಾದರೂ ಸರಿ, ಊರಿನ ಹೆಸರು ಸಮೇತ ಕಾಮೆಂಟಿನಲ್ಲಿ ಬರೀರಿ. ಒಂದು ಕಡೆ ಕೂಡಿಸಿಡ್ತೀನಿ.